ಅಪ್ಪನ ಬಂದೂಕಿಗೆ ರೇಟು ಎಷ್ಟು?

ಬೆಳೆ ವಿಮೆ ಬಗ್ಗೆ ಫೋನ್-ಇನ್ ಕಾರ್ಯಕ್ರಮ ನಡೀತಿತ್ತು. ಕಿತ್ತೂರು ಕಡೆಯ ಒಂದು ಹಳ್ಳಿಯಿಂದ ಕರೆ ಬಂತು. ಆದರೆ ಅವರು ಕೇಳಿದ್ದು ವಿಮೆ ಬಗ್ಗೆ ಅಲ್ಲ.

"ಸರ್, ನಮ್ಮ ಅಪ್ಪಾರು ತೀರಿಕೊಂಡು ಎಂಟು ತಿಂಗಳಾತ್ರಿ. ಅವರದೊಂದು ಡಬಲ್ ಬ್ಯಾರಲ್ ಬಂದೂಕ ಐತಿ, ಇಂಗ್ಲೆಂಡಿಂದು. ಒಬ್ಬಾಂವ ಬಂದು, ಹಳೇ ಬಂದೂಕಿಗೆ ಈಗ ಭಾಳ ರೇಟ್ ಬಂದೈತಿ, ರೊಕ್ಕಾ ಕೈಯಾಗ ಇಡ್ತೀನಿ, ಕಾಗದ ಪತ್ರ ಏನೂ ಬ್ಯಾಡ ಅಂತಾನ್ರಿ. ಕೊಡ್ಲೇನ್ರೀ?"

ನಾನು "ಕೊಡಬೇಡಿ" ಅಂದೆ. ಅಷ್ಟರಲ್ಲಿ ಬ್ರೇಕ್ ಬಂತು, ಲೈನ್ ಕಟ್ಟಾಯ್ತು. ಯಾಕೆ ಕೊಡಬಾರದು ಅಂತ ಹೇಳೋದು ಬಾಕಿ ಉಳೀತು. ಅವರಿಗಷ್ಟೇ ಅಲ್ಲ, ಬೈಲಹೊಂಗಲ, ಸವದತ್ತಿ, ರಾಮದುರ್ಗ ಕಡೆ ಗೋಡೆಗೆ ಒಂದು ಹಳೇ ಬಂದೂಕು ತೂಗು ಹಾಕಿರುವ ಪ್ರತಿ ಮನೆಗೂ ಈ ಉತ್ತರ ಬೇಕು.

ಮೊದಲು ರೇಟಿನ ವಿಷಯ. ಆ ಮನುಷ್ಯ ಹೇಳಿದ್ದು ಪೂರ್ತಿ ಸುಳ್ಳಲ್ಲ. ಹಳೇ ಟಿವಿ, ಹಳೇ ಬೈಕು, ಹಳೇ ಮೊಬೈಲು ವರ್ಷ ಕಳೆದಂತೆ ಅಗ್ಗ ಆಗ್ತವೆ. ಬಂದೂಕಿನಲ್ಲಿ ಮಾತ್ರ ಉಲ್ಟಾ. ಏನಿದು ಕಥೆ?

ಕಾರಣ ಬಾಗಿಲು ಮುಚ್ಚಿರೋದು. 1980ರ ದಶಕದ ನಡುವಿನಿಂದ ನಮ್ಮ ದೇಶದಲ್ಲಿ ಸಾಮಾನ್ಯ ನಾಗರಿಕ ಹೊರದೇಶದ ಬಂದೂಕು ತರಿಸಿಕೊಳ್ಳೋಕೆ ಆಗಲ್ಲ. ಶೂಟಿಂಗ್ ಕ್ರೀಡಾಪಟುಗಳಿಗೆ ಒಂದಿಷ್ಟು ವಿನಾಯಿತಿ ಇದೆ, ಅಷ್ಟೇ. ಹಾಗಾಗಿ ಆಗ ದೇಶದೊಳಗೆ ಇದ್ದ ವೆಬ್ಲಿ, ಕೋಲ್ಟ್, ಸ್ಮಿತ್ ಅಂಡ್ ವೆಸ್ಸನ್, ವಾಲ್ಥರ್‌ಗಳೇ ಇವತ್ತಿಗೂ ಕೈಯಿಂದ ಕೈಗೆ ತಿರುಗ್ತಿವೆ. ತುಕ್ಕು ಹಿಡಿದದ್ದು, ಜಪ್ತಿಯಾದದ್ದು, ನಾಶ ಮಾಡಿದ್ದು ಲೆಕ್ಕದಿಂದ ಹೋಗ್ತಾವೆ. ಹೊಸದು ಬರಲ್ಲ. ಕೆರೆಗೆ ಒಳಹರಿವು ನಿಂತು ಹೊರಹರಿವು ಮಾತ್ರ ಇದ್ದರೆ ಏನಾಗುತ್ತೋ ಅದೇ ಇಲ್ಲಿ ಆಗಿದೆ. ಒಳ್ಳೆಯ ಸ್ಥಿತಿಯಲ್ಲಿರುವ ವಿದೇಶಿ ಪಿಸ್ತೂಲಿಗೆ ಹಲವು ಲಕ್ಷ ಕೊಡೋರು ಇದ್ದಾರೆ.

ಇದು ನಮ್ಮಲ್ಲಿ ಮಾತ್ರ ಅಲ್ಲ. ಅಮೆರಿಕದಲ್ಲಿ ರಷ್ಯಾ ಸೇನೆಯ ಹಳೇ ಮೋಸಿನ್ ನಗಾಂತ್ ರೈಫಲ್ಲು ಒಂದು ಕಾಲಕ್ಕೆ 100 ಡಾಲರ್ ಆಸುಪಾಸಿಗೆ ಸಿಗ್ತಿತ್ತು. ದಾಸ್ತಾನು ಕರಗಿತು. 2021ರಲ್ಲಿ ರಷ್ಯಾದ ಬಂದೂಕುಗಳ ಆಮದಿಗೂ ಅಲ್ಲಿನ ಸರ್ಕಾರ ತಡೆ ಹಾಕಿತು. ಅದೇ ರೈಫಲ್ಲು ಈಗ ಹಲವು ಪಟ್ಟು ದುಬಾರಿ. ವ್ಯತ್ಯಾಸ ಏನಪ್ಪಾ ಅಂದ್ರೆ, ಅಲ್ಲಿ ಸೇನೆ ಬಿಟ್ಟ ಬಂದೂಕು ಜನರ ಅಂಗಡಿಗೆ ಬರುತ್ತೆ, ನಮ್ಮಲ್ಲಿ ಬರಲ್ಲ. ಸೇನೆ ಬಳಸುತ್ತಿದ್ದ .303 ನಮ್ಮ ಕಾನೂನಿನಲ್ಲಿ ನಿಷೇಧಿತ ಬೋರು. ಸೇನೆಯ ಗುಂಡು ಹೊಂದಬಾರದು ಅಂತಲೇ ನಾಗರಿಕರಿಗೆ .315 ಬೋರಿನ ರೈಫಲ್ಲು ಮಾಡಿದ್ದು.

ಎರಡನೇ ಕಾರಣ, ದೇಶದೊಳಗಿನ ಹೊಸ ಮಾಲಿನ ಬೆಲೆ. ನಾಗರಿಕರಿಗೆ ಕೈಬಂದೂಕು ಕೊಡೋದು ಬಹುಕಾಲ ಸರ್ಕಾರಿ ಕಾರ್ಖಾನೆಗಳದ್ದೇ ಕೆಲಸ ಆಗಿತ್ತು. 2014ರಲ್ಲಿ ಮಹಿಳೆಯರಿಗೆ ಅಂತ ಕಾನ್ಪುರದಿಂದ 'ನಿರ್ಭೀಕ್' ರಿವಾಲ್ವರ್ ಬಂತು. ತೂಕ ಅರ್ಧ ಕೆಜಿ. ಬೆಲೆ 1,22,360 ರೂಪಾಯಿ! ಅದರ ಮೇಲೆ ತೆರಿಗೆ ನೋಡಿ. ರಿವಾಲ್ವರ್, ಪಿಸ್ತೂಲುಗಳ ಮೇಲೆ ಜಿಎಸ್‌ಟಿ 28 ಪರ್ಸೆಂಟ್ ಇತ್ತು. 2025ರ ಸೆಪ್ಟೆಂಬರ್ 22ರಿಂದ 40 ಪರ್ಸೆಂಟ್. ಒಂದು ಲಕ್ಷ ಮೂಲಬೆಲೆಯ ರಿವಾಲ್ವರ್ ಮೊದಲು 1,28,000ಕ್ಕೆ ಬರ್ತಿತ್ತು, ಈಗ 1,40,000. ಆದರೆ ಒಬ್ಬ ಲೈಸೆನ್ಸುದಾರ ಇನ್ನೊಬ್ಬ ಲೈಸೆನ್ಸುದಾರನಿಗೆ ತನ್ನ ಸ್ವಂತ ಹಳೇ ರಿವಾಲ್ವರ್ ಮಾರಿದರೆ ಅಲ್ಲಿ ಜಿಎಸ್‌ಟಿ ಇಲ್ಲ. ಹೊಸದರ ರೇಟು 12 ಸಾವಿರ ಏರಿದಾಗ ಹಳೇದನ್ನು ಮಾರುವವನೂ ಸುಮ್ಮನೆ ಕೂರಲ್ಲ, ತಾನೂ ಸ್ವಲ್ಪ ಏರಿಸ್ತಾನೆ.

ಮೂರನೇದು, 2019ರ ತಿದ್ದುಪಡಿ. ಅಲ್ಲಿಯವರೆಗೆ ಒಬ್ಬರು ಮೂರು ಬಂದೂಕು ಇಟ್ಟುಕೊಳ್ಳಬಹುದಿತ್ತು, ಆಮೇಲೆ ಎರಡೇ. ಹೆಚ್ಚಿನದನ್ನು ಒಂದು ವರ್ಷದೊಳಗೆ ಒಪ್ಪಿಸಬೇಕಾಯ್ತು. ಮಾಲು ಮಾರುಕಟ್ಟೆಗೆ ಬಂದು ರೇಟು ಇಳೀಬೇಕಿತ್ತಲ್ಲ? ನೀವೇ ಯೋಚನೆ ಮಾಡಿ. ಮೂರರಲ್ಲಿ ಒಂದು ಬಿಡಬೇಕು ಅಂದ್ರೆ ಯಾವುದನ್ನು ಬಿಡ್ತೀರಿ? ಒಳ್ಳೇದನ್ನಲ್ಲ. ಹೊರಗೆ ಬರೋದು ಸಾಮಾನ್ಯ ದೇಶೀ ಸಿಂಗಲ್ ಬ್ಯಾರಲ್ಲು. ಅದಕ್ಕೇ 'ಹಳೇ ಬಂದೂಕಿಗೆ ಚಿನ್ನದ ರೇಟು' ಅನ್ನೋದು ಅರ್ಧ ಸತ್ಯ. ರೇಟು ಏರಿರೋದು ಅಪರೂಪದ್ದಕ್ಕೆ.

ಹಾಗಾದರೆ ನಮ್ಮ ಕಿತ್ತೂರಿನವರ ಇಂಗ್ಲೆಂಡ್ ಬಂದೂಕು ಯಾವುದರಲ್ಲಿ ಸೇರುತ್ತೆ? ಇಲ್ಲಿ ಎಂಜಿನಿಯರಿಂಗ್ ಓದಿದವನ ಒಂದು ಮಾತು. ಬಹಳ ಹಳೆಯ ಡಬಲ್ ಬ್ಯಾರಲ್‌ಗಳಲ್ಲಿ ನಳಿಗೆಯ ಮೇಲೆ ಅಲೆ ಅಲೆ ವಿನ್ಯಾಸ ಕಾಣುತ್ತೆ. ಅದು ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಸುತ್ತಿ, ಬಡಿದು, ಬೆಸೆದು ಮಾಡಿದ ಡಮಾಸ್ಕಸ್ ನಳಿಗೆ. ನೋಡೋಕೆ ಚಂದ. ಆದರೆ ಬೆಸುಗೆ ಇರುವಲ್ಲೆಲ್ಲ ಒಳಗೆ ತುಕ್ಕು ಕೂತಿರಬಹುದು, ಹೊರಗೆ ಗೊತ್ತೇ ಆಗಲ್ಲ. ಇಂತಹವನ್ನು ಕಪ್ಪು ಮದ್ದಿನ ಕಾಲಕ್ಕೆ ಮಾಡಿದ್ದು. ಈಗಿನ ತೋಟಾದ ಒತ್ತಡಕ್ಕೆ ಸೀಳಿ ಹೋಗಬಹುದು. ಇನ್ನು, ಹಳೇ ಇಂಗ್ಲಿಷ್ ಹನ್ನೆರಡು ಬೋರಿನ ಅನೇಕ ಬಂದೂಕುಗಳ ಕೋಣೆ 65 ಮಿಲಿಮೀಟರ್ ತೋಟಾಕ್ಕೆ ಮಾಡಿದ್ದು. ಈಗ ಹೆಚ್ಚಾಗಿ ಸಿಗೋದು 70ರದ್ದು. ತೋಟಾ ಒಳಗೆ ಹೋಗುತ್ತೆ, ಅದೇ ಮೋಸ. ಹಾರಿಸಿದಾಗ ಅದರ ಬಾಯಿ ಬಿಚ್ಚಿಕೊಳ್ಳೋಕೆ ಜಾಗ ಸಾಲದೆ ಒತ್ತಡ ಏರುತ್ತೆ. ಬಂದೂಕು ಬಲ್ಲವರು ತಪಾಸಣೆ ಮಾಡದೆ ಯಾರೂ ಅದರ ರೇಟು ಹೇಳೋಕಾಗಲ್ಲ. ನೋಡದೇ ರೇಟು ಹೇಳುವವನಿಗೆ ಬೇಕಿರೋದು ಬಂದೂಕಿನ ಗುಣ ಅಲ್ಲ.

ಏನು ಬೇಕಿರಬಹುದು? ಕಾಗದ ಪತ್ರ ಬೇಡ ಅಂದದ್ದರಲ್ಲೇ ಉತ್ತರ ಇದೆ. ಲೈಸೆನ್ಸಿನ ಬಂದೂಕಿಗೆ ನಂಬರಿದೆ, ರಿಜಿಸ್ಟರಿದೆ, ಮಾಲೀಕನ ಹೆಸರಿದೆ. ನಾಳೆ ಅದು ಎಲ್ಲೋ ಸದ್ದು ಮಾಡಿದರೆ ಪೊಲೀಸರು ಮೊದಲು ಬಂದು ಬಾಗಿಲು ಬಡಿಯೋದು ಈ ರೈತನ ಮನೆಯದ್ದೇ. ಕಿತ್ತೂರಿನಿಂದ ಧಾರವಾಡ ಎಷ್ಟು ದೂರ? ಅಲ್ಲಿ 2015ರ ಆಗಸ್ಟ್ 30ರ ಬೆಳಿಗ್ಗೆ ಡಾ. ಎಂ. ಎಂ. ಕಲಬುರ್ಗಿಯವರನ್ನು ಅವರ ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ತನಿಖೆ ಬೆರಳು ತೋರಿಸಿದ್ದು 7.65 ಎಂಎಂ ನಾಡ ಪಿಸ್ತೂಲಿನ ಕಡೆ. ಕಾಗದವಿಲ್ಲದ ಆಯುಧ ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ಈ ಭಾಗದವರಿಗೆ ಬೇರೆ ಉದಾಹರಣೆ ಬೇಕಾಗಿಲ್ಲ.

ಸರಿ, ಹಾಗಾದರೆ ಏನು ಮಾಡಬೇಕು? ಅಪ್ಪ ತೀರಿಕೊಂಡ ಮೇಲೆ ಅಪ್ಪನ ಲೈಸೆನ್ಸು ಮಗನದ್ದಾಗಲ್ಲ. ತಡಮಾಡದೆ ಬಂದೂಕನ್ನು ಹತ್ತಿರದ ಪೊಲೀಸ್ ಠಾಣೆಯಲ್ಲೋ, ಲೈಸೆನ್ಸುಳ್ಳ ಡೀಲರ್ ಹತ್ತಿರವೋ ಠೇವಣಿ ಇಟ್ಟು ರಸೀದಿ ತಗೋಬೇಕು. ಎಂಟು ತಿಂಗಳು ಮನೆಯಲ್ಲೇ ಇದೆ ಅಂದ್ರೆ ಈಗಲೇ ತಡವಾಗಿದೆ. ಲೈಸೆನ್ಸಿಲ್ಲದೆ ಸಾಮಾನ್ಯ ಬಂದೂಕು ಇಟ್ಟುಕೊಂಡರೂ 2019ರ ನಂತರ ಶಿಕ್ಷೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ. ಠೇವಣಿ ಇಟ್ಟರೆ ಬಂದೂಕು ಕೈಬಿಟ್ಟು ಹೋಯ್ತು ಅಂತ ಹೆದರಬೇಡಿ. ವಾರಸುದಾರ ಲೈಸೆನ್ಸಿಗೆ ಅರ್ಜಿ ಹಾಕಬಹುದು. ಸಿಕ್ಕರೆ ಬಂದೂಕು ವಾಪಸು. ಬೇಡ ಅಂದ್ರೆ ಲೈಸೆನ್ಸಿರುವವರಿಗೆ ಮಾರಬಹುದು. ಆದರೆ ನಿಗದಿತ ಅವಧಿಯೊಳಗೆ ಏನೂ ಮಾಡದಿದ್ದರೆ ಮುಟ್ಟುಗೋಲು.

ಅಪ್ಪ ಇನ್ನೂ ಇದ್ದಾರಾ? ಇನ್ನೂ ಸುಲಭ. 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸುದಾರರಿಗೆ 70 ವರ್ಷ ಆದಾಗ, ಅಥವಾ ಬಂದೂಕು 25 ವರ್ಷ ಅವರ ಹತ್ತಿರ ಇದ್ದಾಗ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಅರ್ಜಿ ಹಾಕಿಸಬಹುದು. ಮಾರೋದೇ ಆದರೆ ಕೊಳ್ಳುವವರ ವಿವರ ಬರೆದು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಠಾಣೆಗೋ ಕೊಡಬೇಕು, 45 ದಿನ ಕಾಯಬೇಕು. ಹೊಲ ಮಾರುವಾಗ ಉತಾರ ನೋಡದೆ ಕೊಡ್ತೀರಾ? ಇಲ್ಲೂ ಹಾಗೇ.

ಹಾರಿಸಲಾಗದ, ರಿಪೇರಿ ಮಾಡಿದರೂ ಹಾರದ ಪುರಾತನ ಬಂದೂಕಿದ್ದರೆ ಅದಕ್ಕೆ ಆಯುಧ ಕಾಯ್ದೆಯಲ್ಲೇ ವಿನಾಯಿತಿ ಇದೆ. ಆದರೆ ಹಾರುತ್ತೋ ಇಲ್ಲವೋ ಅಂತ ನೀವೇ ತೀರ್ಮಾನ ಮಾಡಬೇಡಿ, ಠಾಣೆಗೆ ತಿಳಿಸಿ.

ಈ ಕಾಗದ ಪತ್ರಗಳ ಮೇಲೆ ನಮ್ಮ ಜನಕ್ಕೆ ಸಿಟ್ಟು ಯಾಕೆ ಅಂತ ನನಗೆ ಗೊತ್ತು. ಆ ಸಿಟ್ಟಿಗೆ ಇತಿಹಾಸ ಇದೆ. 1857ರಲ್ಲಿ ಕಂಪನಿ ಸರ್ಕಾರ ಆಯುಧಗಳನ್ನು ಒಪ್ಪಿಸಿ, ಪರವಾನಗಿ ಇಲ್ಲದೆ ಇಟ್ಟುಕೊಳ್ಳಬೇಡಿ ಅಂದಾಗ ರಾಮದುರ್ಗದಾಚೆ ಹಲಗಲಿಯ ಬೇಡರು ಒಪ್ಪಲಿಲ್ಲ. ಊರನ್ನೇ ಸುಟ್ಟರು, ಹಿಡಿದವರನ್ನು ಗಲ್ಲಿಗೇರಿಸಿದರು. ಮರುವರ್ಷ ನರಗುಂದ ಬಂಡೆದ್ದಿತು. ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಹತನಾದದ್ದು ರಾಮದುರ್ಗ ಸೀಮೆಯ ಸುರೇಬಾನದಲ್ಲಿ. ಅದಕ್ಕೂ ಮುಂಚೆ, 1824ರ ಅಕ್ಟೋಬರ್ 23ರಂದು ಥ್ಯಾಕರೆ ಬಿದ್ದದ್ದು ಕಿತ್ತೂರಿನ ಕೋಟೆಯ ಮುಂದೆ. ಈ ನೆಲದಲ್ಲಿ ಬಂದೂಕು ಅಂದ್ರೆ ಬರೀ ಸಾಮಾನಲ್ಲ, ಮಾನದ ಗುರುತು.

ಆದರೆ ಆವತ್ತು ಆಯುಧ ಕೇಳಿದ್ದು ಪರರಾಜ್ಯ. ಇವತ್ತಿನ 1959ರ ಕಾಯ್ದೆ ನಮ್ಮದೇ ಸಂಸತ್ತಿನದ್ದು. ಮುಚ್ಚುಮರೆಯಲ್ಲಿ ಬಂದೂಕು ಮಾರಿದರೆ ಅದು ಹಲಗಲಿಯವರ ಹಟ ಅಲ್ಲ. ಅಪ್ಪನ ಹೆಸರಿರುವ ಆಯುಧವನ್ನು ಹೆಸರೇ ಗೊತ್ತಿಲ್ಲದವನ ಕೈಗೆ ಕೊಡೋದು, ಅಷ್ಟೇ.

ಕಿತ್ತೂರಿನ ಆ ಅಣ್ಣಾವ್ರಿಗೆ ಬಾಕಿ ಉಳಿಸಿಕೊಂಡ ಉತ್ತರ ಇದು. ರೊಕ್ಕಾ ಕೈಯಾಗ ಇಡ್ತೀನಿ ಅಂದವನನ್ನು ಬಾಗಿಲಿಂದಲೇ ಕಳಿಸಿಬಿಡ್ರಿ. ಮೊದಲು ಠಾಣೆಗೆ ಫೋನ್ ಮಾಡಿ ಹೇಳ್ರಿ, ಊರಿನ ಹಿರಿಯರೊಬ್ಬರನ್ನು ಜೋಡಿ ಕರಕೊಂಡು ಹೋಗ್ರಿ, ಅಪ್ಪಾರ ಲೈಸೆನ್ಸು ಮತ್ತು ಮರಣ ಪತ್ರ ಸಂಗಡ ಇರಲಿ. ಬಂದೂಕ ಕೊಟ್ಟು ಬರುವಾಗ ರಸೀದಿ ಮರೀಬ್ಯಾಡ್ರಿ. ರೇಟಿನ ಮಾತು ಆಮೇಲೆ.