ಟಿಕೆಟ್ಟಿನ ಯಂತ್ರವೂ ಕಂಡಕ್ಟರರ ಕೈಯೂ

ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ತಾಲೂಕಿನ ಕೇಂದ್ರಗಳಾಗಿದ್ದರೂ, ಮಿರಜ–ಲೋಂಡಾ ರೈಲುಮಾರ್ಗವು ಮೂರನ್ನೂ ತುಸು ದೂರದಲ್ಲಿಯೇ ಬಿಟ್ಟು ಸಾಗಿರುವುದರಿಂದ, ಇಲ್ಲಿಯ ಪ್ರಯಾಣಿಕನು ರೈಲು ಹಿಡಿಯಲು ಘಟಪ್ರಭಾ ನಿಲ್ದಾಣಕ್ಕೋ ಗೋಕಾಕ ರೋಡ್ ನಿಲ್ದಾಣಕ್ಕೋ ಹೋಗಬೇಕು. ಅಲ್ಲಿಗೆ ಹೋಗುವುದೂ ಬಹುಮಟ್ಟಿಗೆ ಬಸ್ಸಿನಲ್ಲಿಯೇ. ಆದಕಾರಣ ಟಿಕೆಟ್ಟಿನ ಯಂತ್ರವೆಂದೊಡನೆ ಈ ಸೀಮೆಯವರ ಮನಸ್ಸಿಗೆ ಮೊದಲು ಬರುವುದು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕಂಡಕ್ಟರರ ಅಂಗೈಯಲ್ಲಿರುವ ಮಷೀನು.

ರೈಲ್ವೆಯ ಯಂತ್ರದ ಧೋರಣೆಯೇ ಬೇರೆ. ಹುಬ್ಬಳ್ಳಿ, ಬೆಂಗಳೂರುಗಳಂಥ ದೊಡ್ಡ ನಿಲ್ದಾಣಗಳಲ್ಲಿ ಕಾಣುವ ಆ ಪೆಟ್ಟಿಗೆಯ ತೆರೆಯನ್ನು ಬೆರಳಿನಿಂದ ಮುಟ್ಟಿ, ಭಾಷೆಯನ್ನಾರಿಸಿ, ಹೋಗಬೇಕಾದ ಊರನ್ನೂ ಜನರ ಸಂಖ್ಯೆಯನ್ನೂ ಸೂಚಿಸಿ, ಸ್ಮಾರ್ಟ್ ಕಾರ್ಡನ್ನಿಟ್ಟರೆ ಅಥವಾ ಅಲ್ಲಿ ಮೂಡುವ ಕ್ಯೂಆರ್ ಕೋಡನ್ನು ಮೊಬೈಲಿನಿಂದ ಸ್ಕ್ಯಾನ್ ಮಾಡಿ ಹಣ ಸಲ್ಲಿಸಿದರೆ, ಕಾಯ್ದಿರಿಸದ ಟಿಕೆಟ್ಟು ಹೊರಬರುವುದು. ನೋಟನ್ನು ಅದು ಮುಟ್ಟದು. ಇಂಥ ಟಿಕೆಟ್ಟು 199 ಕಿಲೋಮೀಟರಿನೊಳಗಿನದಾದರೆ, ಕೊಂಡ 3 ಗಂಟೆಗಳೊಳಗೆ ಅಥವಾ ಆ ದಿಕ್ಕಿನ ಮೊದಲ ರೈಲು ಹೊರಡುವುದರೊಳಗೆ, ಇವುಗಳಲ್ಲಿ ಯಾವುದು ತಡವೋ ಅಷ್ಟರಲ್ಲಿ, ಪ್ರಯಾಣ ಆರಂಭವಾಗಬೇಕೆಂಬುದನ್ನು ಮರೆಯಲಾಗದು. ಸಾಲದುದಕ್ಕೆ, ಗುಂಡಿಯೊತ್ತಲಾರದವರಿಗೆ ನೆರವಾಗಲೆಂದು ನಿವೃತ್ತ ನೌಕರರೇ ಮೊದಲಾದವರನ್ನು ಕಮಿಷನ್ನಿನ ಮೇಲೆ ಯಂತ್ರದ ಪಕ್ಕದಲ್ಲಿ ನಿಲ್ಲಿಸುವ ಏರ್ಪಾಡನ್ನೂ ರೈಲ್ವೆ ಮಾಡಿದೆ. ಸ್ವಯಂಚಾಲಿತಕ್ಕೂ ಚಾಲಕನೊಬ್ಬ ಬೇಕಾಯಿತೇ ಎಂದು ನಗುವವರು ನಗಲಿ. ನನಗೆ ಆ ಏರ್ಪಾಡಿನಲ್ಲಿ ಲೋಕಜ್ಞಾನವೇ ಕಾಣುತ್ತದೆ.

ಬಸ್ಸಿನಲ್ಲಿ ಆ ಮನುಷ್ಯನನ್ನು ಮೊದಲಿನಿಂದಲೂ ತೆಗೆದವರಿಲ್ಲ. ಬಣ್ಣಬಣ್ಣದ ಟಿಕೆಟ್ಟಿನ ಕಟ್ಟುಗಳನ್ನು ಹಿಡಿದು, ಪಂಚಿನಿಂದ ತೂತು ಹಾಕಿ ಹರಿದುಕೊಡುತ್ತಿದ್ದ ಕಂಡಕ್ಟರರು ಈಗ ಹತ್ತಿದ ಸ್ಟೇಜನ್ನೂ ಇಳಿಯುವ ಸ್ಟೇಜನ್ನೂ ಒತ್ತಿದರೆ ಸಾಕು, ದರದ ಲೆಕ್ಕವನ್ನು ಮಷೀನೇ ಹಾಕಿ ಚೀಟಿಯನ್ನು ಮುದ್ರಿಸುತ್ತದೆ. ಆದರೆ ಲೆಕ್ಕವನ್ನು ಬಲ್ಲ ಆ ಮಷೀನು ಚಿಲ್ಲರೆಯನ್ನು ಹುಟ್ಟಿಸಲಾರದು. "ಇಳಿಯೂ ಮುಂದ ಇಸ್ಕೊಳ್ರಿ" ಎಂದು ಟಿಕೆಟ್ಟಿನ ಬೆನ್ನಿಗೆ ಬಾಕಿಯನ್ನು ಬರೆದುಕೊಡುವ ಪದ್ಧತಿ, ಇಳಿಯುವ ಗಡಿಬಿಡಿಯಲ್ಲಿ ಅದನ್ನು ಮರೆತು ಮನೆ ಸೇರಿದ ಮೇಲೆ ಜೇಬಿನಲ್ಲಿ ಕಂಡು ಹಲುಬುವ ಪ್ರಾರಬ್ಧ, ಇವೆರಡೂ ನಮ್ಮವರಿಗೆ ಚಿರಪರಿಚಿತ. ಈಚಿನ ವರ್ಷಗಳಲ್ಲಿ ಬಂದ ಯುಪಿಐ ಪಾವತಿಯು ಈ ಜಗಳವನ್ನು ಬಹುಮಟ್ಟಿಗೆ ತಗ್ಗಿಸಬಲ್ಲುದು, ನೆಟ್‌ವರ್ಕ್ ಕೈಕೊಡದಿದ್ದರೆ.

ಇವೆಲ್ಲಕ್ಕಿಂತ ವಿಚಿತ್ರವಾದುದು ಹಣವೇ ಇಲ್ಲದ ಟಿಕೆಟ್ಟು. 2023ರ ಜೂನ್ 11ರಂದು ಶಕ್ತಿ ಯೋಜನೆಯು ಜಾರಿಗೆ ಬಂದ ಮೇಲೆ, ರಾಜ್ಯದ ಸ್ತ್ರೀಯರು ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಸಂಚರಿಸುತ್ತಿದ್ದರೂ, "ಯವ್ವಾ, ಆಧಾರ್ ತೋರಸು" ಎಂದು ಕೇಳಿ, ಸೊನ್ನೆ ರೂಪಾಯಿಯ ಚೀಟಿಯೊಂದನ್ನು ಕಂಡಕ್ಟರರು ತಪ್ಪದೆ ಕೊಡುತ್ತಾರೆ. ಪುಕ್ಕಟೆಯಾದುದಕ್ಕೆ ಕಾಗದವೇಕೆಂದು ಸಂತೆಗೆ ಹೊರಟ ಅವ್ವನಿಗೆ ಅನ್ನಿಸುವುದು ಸಹಜವಾದರೂ, ಸರ್ಕಾರವು ಸಾರಿಗೆ ಸಂಸ್ಥೆಗಳಿಗೆ ಹಣ ಭರಿಸುವುದು ಈ ಶೂನ್ಯ ಟಿಕೆಟ್ಟುಗಳ ಮೌಲ್ಯವನ್ನು ಆಧರಿಸಿಯೇ ಆದುದರಿಂದ, ಆಕೆಯ ಕೈಯ ಸೊನ್ನೆಯು ಸಂಸ್ಥೆಯ ಪಾಲಿಗೆ ಬರತಕ್ಕ ಆದಾಯದ ದಾಖಲೆಯೇ ಆಗಿದೆ. ಪಾವತಿಯು ನಿಂತಿಲ್ಲ, ಪಾವತಿ ಮಾಡುವವರು ಬದಲಾಗಿದ್ದಾರೆ. ಹುಕ್ಕೇರಿ ತಾಲೂಕಿನ ಸಂಕೇಶ್ವರದಿಂದ ಗಡಿ ದಾಟಿ ಮಹಾರಾಷ್ಟ್ರದ ಕೊಲ್ಹಾಪುರಕ್ಕೆ ಹೋಗುವ ಅಂತರರಾಜ್ಯ ಬಸ್ಸನ್ನು ಹತ್ತಿದರೆ ಮಾತ್ರ, ಅಂಥದೇ ಮಷೀನು ಅದೇ ಅವ್ವನಿಂದ ಪೂರ್ತಿ ದರವನ್ನು ಕೇಳುವುದು.