ಕೊರಿಯರ್‌ನಲ್ಲಿ ಬಂದ ಕಾಯಿಲ್: ನೀರಿಗಿಳಿಸುವ ಮೊದಲು

ಕಳೆದ ಮಳೆಗಾಲ. ಕಟ್ಟಿಗೆ ಪೂರಾ ಒದ್ದೆ, ಬಚ್ಚಲೊಲೆ ಹೊತ್ತುತ್ತಿರಲಿಲ್ಲ. ಮಗ ಮೊಬೈಲ್‌ನಲ್ಲಿ ನೋಡಿ ನೀರು ಕಾಯಿಸುವ ಕಾಯಿಲ್ ತರಿಸಿದ. ಪೇಟೆಯ ಅರ್ಧ ರೇಟು. ಎರಡನೇ ದಿನ ಬಕೆಟ್ಟಿಗೆ ಕೈ ಹಾಕಿದ ಮನೆಯಾಕೆ ಕಿಟಾರನೆ ಕಿರುಚಿದಳು. ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು, ಬಚಾವಾದಳು.

ಬಿಚ್ಚಿ ನೋಡಿದರೆ ಪ್ಲಗ್ಗಿನಲ್ಲಿ ಮೂರು ಪಿನ್ನೇನೋ ಇದೆ. ಅರ್ತ್ ಪಿನ್ನಿಗೆ ವಯರೇ ಸೇರಿಸಿಲ್ಲ! ಪೆಟ್ಟಿಗೆಯಲ್ಲಿ ಐಎಸ್‌ಐ ಗುರುತು ಇತ್ತು, ಕೆಳಗೆ ನಂಬರಿಲ್ಲ.

ಇದು ನಮ್ಮೊಬ್ಬರ ಕತೆಯಲ್ಲ. 2025ರ ಮಾರ್ಚಿನಲ್ಲಿ ಬಿಐಎಸ್ ಅಧಿಕಾರಿಗಳು ದೆಹಲಿಯ ಆನ್‌ಲೈನ್ ಮಾರಾಟದ ಗೋದಾಮೊಂದರಲ್ಲಿ 3,500ಕ್ಕೂ ಹೆಚ್ಚು ಸಾಮಾನು ಹಿಡಿದರು. ಗೀಸರ್, ಮಿಕ್ಸರ್ ಮುಂತಾದವು. ಕೆಲವಕ್ಕೆ ಗುರುತೇ ಇಲ್ಲ, ಕೆಲವಕ್ಕೆ ನಕಲಿ ಗುರುತು.

ಹಾಗಾಗಿ ಪಾರ್ಸೆಲ್ ಬಂದ ದಿನವೇ, ವಾಪಸ್ ಮಾಡುವ ಅವಧಿ ಮುಗಿಯುವ ಮೊದಲೇ, ಇಷ್ಟು ನೋಡಿಬಿಡಿ.

ನಂಬರ್ ನೋಡಿ

ಸರಿಯಾದ ಐಎಸ್‌ಐ ಗುರುತಿನ ಮೇಲ್ಗಡೆ ಐಎಸ್ ನಂಬರ್ (ಕಾಯಿಲ್‌ಗೆ 368, ಇಸ್ತ್ರಿಪೆಟ್ಟಿಗೆಗೆ 366), ಕೆಳಗಡೆ ‘ಸಿಎಂ/ಎಲ್’ ಎಂದು ಲೈಸೆನ್ಸ್ ನಂಬರ್ ಇರಬೇಕು. ಮೊಬೈಲಿನ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಲೈಸೆನ್ಸ್ ಯಾರದು, ಯಾವ ವಸ್ತುವಿಗೆ, ಈಗ ಚಾಲ್ತಿಯಲ್ಲಿದೆಯೇ ಎಂದು ತೋರಿಸುತ್ತದೆ. ಪೆಟ್ಟಿಗೆಯ ಹೆಸರಿಗೂ ಅದಕ್ಕೂ ತಾಳೆಯಾಗಬೇಕು. ಮೊಬೈಲ್ ಚಾರ್ಜರ್, ಎಲ್‌ಇಡಿ ಬಲ್ಬಿಗಾದರೆ ‘ಆರ್’ ಅಕ್ಷರದಿಂದ ಶುರುವಾಗುವ ನಂಬರ್. ಅದನ್ನೂ ಇದೇ ಆ್ಯಪ್‌ನಲ್ಲಿ ನೋಡಬಹುದು.

ಮೀಟರ್ ಹಿಡಿಯಿರಿ

ಪಂಪ್ ರಿಪೇರಿಗೆಂದು ಎಷ್ಟೋ ಮನೆಯಲ್ಲಿ ಮಲ್ಟಿಮೀಟರ್ ಇರುತ್ತದೆ. ಪ್ಲಗ್ಗನ್ನು ಸಾಕೆಟ್ಟಿಗೆ ಹಾಕದೆ, ಕೈಯಲ್ಲೇ ಇಟ್ಟುಕೊಂಡು ಓಮ್ ಅಳೆಯಿರಿ.

1. ದಪ್ಪ ಅರ್ತ್ ಪಿನ್ನಿಗೂ ಕಾಯಿಲ್‌ನ ಲೋಹಕ್ಕೂ: ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ತಾಗಿಸಿದಾಗ ಬರುವಷ್ಟೇ, ಅಂದರೆ ಸೊನ್ನೆಯ ಆಸುಪಾಸು ಬರಬೇಕು. ನಮ್ಮದರಲ್ಲಿ ಏನೂ ಬರಲಿಲ್ಲ.

2. ಸಣ್ಣ ಪಿನ್ನು ಎರಡರ ನಡುವೆ: 1,500 ವ್ಯಾಟಿನದಾದರೆ ಸುಮಾರು 35 ಓಮ್.

3. ಪ್ರತಿ ಸಣ್ಣ ಪಿನ್ನಿಗೂ ಲೋಹಕ್ಕೂ: ಮೀಟರಿನ ಅತಿ ದೊಡ್ಡ ರೇಂಜಿನಲ್ಲೂ ಸಂಪರ್ಕ ತೋರಿಸಬಾರದು. ತೋರಿಸಿದರೆ ಒಳಗೆ ಲೀಕೇಜ್ ಇದೆ, ಬಳಸಲೇಬೇಡಿ.

ಇದರಲ್ಲಿ ಪಾಸಾದ ಮಾತ್ರಕ್ಕೆ ಪೂರ್ತಿ ಭದ್ರ ಎನ್ನುವಂತಿಲ್ಲ. ಸಣ್ಣ ಲೀಕೇಜ್ ಮಲ್ಟಿಮೀಟರಿಗೆ ಸಿಗುವುದಿಲ್ಲ, ಎಲೆಕ್ಟ್ರಿಷಿಯನ್ನರ ಮೆಗ್ಗರ್ ಬೇಕು. ಆದರೆ ಫೇಲಾದದ್ದು ಮಾತ್ರ ಖಂಡಿತ ಅಪಾಯ.

ಮನೆಯ ಕಡೆಯದ್ದೂ ನೋಡಿ

1,500 ವ್ಯಾಟ್ ಅಂದರೆ ಆರೂವರೆ ಆಂಪಿಯರ್. 6 ಆಂಪಿಯರಿನ ಸಣ್ಣ ಸಾಕೆಟ್ ಇದಕ್ಕೆ ಸಾಲದು, 16 ಆಂಪಿಯರಿನದೇ ಬೇಕು. ಪಿನ್ನು ಹಿಡಿಯುವುದಿಲ್ಲವೆಂದು ಎರಡು ಪಿನ್ನಿನ ಅಡಾಪ್ಟರ್ ಹಾಕಿದರೆ ಅರ್ತ್ ಹೋಯಿತು.

ಪಂಪ್‌ಸೆಟ್ಟಿಗೆ ಅರ್ತ್ ಗುಂಡಿ ತೋಡುತ್ತೇವೆ, ಬಚ್ಚಲ ಪ್ಲಗ್ಗಿನ ಅರ್ತ್ ಎಲ್ಲಿಗೆ ಹೋಗಿದೆ ಎಂದು ಯಾರು ನೋಡಿದ್ದೇವೆ? ಅದನ್ನು ಎಲೆಕ್ಟ್ರಿಷಿಯನ್ನರಿಂದಲೇ ಪರೀಕ್ಷೆ ಮಾಡಿಸಿ. ಜೊತೆಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಲೀಕೇಜ್ ಆದ ಕೂಡಲೇ ಕರೆಂಟ್ ಕತ್ತರಿಸುತ್ತದೆ. ಅದರ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡುವುದು ಒಳ್ಳೆಯದು.

ಎಷ್ಟೇ ಒಳ್ಳೆಯ ಕಾಯಿಲ್ ಇರಲಿ, ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಿ. ಸ್ವಿಚ್ ಒಂದೇ ಆರಿಸಿದರೆ ಸಾಲದು.

ಮೋಸ ಕಂಡರೆ ಬಿಲ್ಲು, ಪೆಟ್ಟಿಗೆಯ ಫೋಟೋ ಇಟ್ಟುಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಬಹುದು, ಬಿಐಎಸ್ ಆ್ಯಪ್‌ನಲ್ಲೂ ದೂರು ಕೊಡಬಹುದು. ನಮಗೆ ದುಡ್ಡು ವಾಪಸ್ ಬರಲಿಲ್ಲ, ದಿನ ಮೀರಿತ್ತು. ಆ ಕಾಯಿಲ್‌ನ ವಯರು ಕತ್ತರಿಸಿ ಇಟ್ಟಿದ್ದೇನೆ. ಗುಜರಿಗೆ ಹಾಗೇ ಕೊಟ್ಟರೆ ಇನ್ನೊಬ್ಬರ ಬಚ್ಚಲಿಗೆ ಹೋದೀತು, ಅಲ್ವಾ?