ಲೇಖನಿಯ ಕೆಲಸ, ಮುಷ್ಟಿಯ ಕೈಗೆ

ಪತ್ರಕರ್ತನನ್ನು ಕಥಾನಾಯಕನನ್ನಾಗಿಸಿದ ಚಿತ್ರಗಳು ದಕ್ಷಿಣದ ಭಾಷೆಗಳಿಗೆ ಹೊಸತಲ್ಲ. ಶಂಕರನಾಗ್ ಅವರು 1985ರಲ್ಲಿ ನಿರ್ದೇಶಿಸಿದ 'ಆಕ್ಸಿಡೆಂಟ್' ಚಿತ್ರವನ್ನು ನಮ್ಮ ಹಿರಿಯ ಓದುಗರು ಮರೆತಿರಲಾರರು. ಪಾದಚಾರಿ ಹಾದಿಯಲ್ಲಿ ಮಲಗಿದ್ದ ಬಡವರ ಮೇಲೆ ಕಾರು ಹರಿಸಿದ ರಾಜಕಾರಣಿಯ ಮಗನನ್ನು ಅಲ್ಲಿ ಪತ್ರಕರ್ತನೊಬ್ಬ ಬೆನ್ನು ಹತ್ತುತ್ತಾನೆ. ಅವನ ಬಲವೆಲ್ಲ ಹುಡುಕಾಟದಲ್ಲಿಯೂ ಬರವಣಿಗೆಯಲ್ಲಿಯೂ ಇದೆ.

2012ರ ಅಕ್ಟೋಬರ್ 18ರಂದು ತೆರೆಕಂಡ ತೆಲುಗಿನ 'ಕ್ಯಾಮೆರಾಮನ್ ಗಂಗತೋ ರಾಂಬಾಬು' ಚಿತ್ರದ ದಾರಿಯೇ ಬೇರೆ. ಇದರ ನಿರ್ದೇಶಕ ಪುರಿ ಜಗನ್ನಾಥ್, 2002ರಲ್ಲಿ ಪುನೀತ್ ರಾಜ್‌ಕುಮಾರ್ ಅವರ 'ಅಪ್ಪು' ಚಿತ್ರವನ್ನು ನಿರ್ದೇಶಿಸಿ ಕನ್ನಡಿಗರಿಗೂ ಪರಿಚಿತರಾದವರು. ಟಿ.ವಿ. ವರದಿಗಾರರು ಸುದ್ದಿಯ ಕೊನೆಗೆ ತಮ್ಮ ಹೆಸರಿನೊಡನೆ ಛಾಯಾಗ್ರಾಹಕನ ಹೆಸರನ್ನೂ ಹೇಳುವ ವಾಡಿಕೆಯಿದೆಯಲ್ಲವೆ, ಆ ಮಾತೇ ಚಿತ್ರದ ಶೀರ್ಷಿಕೆ. ಇಲ್ಲಿ ಗಂಗಾ ಹೆಣ್ಣುಮಗಳು (ತಮನ್ನಾ). ಕ್ಯಾಮೆರಾ ಹೊತ್ತ ಹುಡುಗಿಯನ್ನು 'ಮನ್' ಎಂದೇ ಕರೆದಿರುವುದು ನಮಗೆ ನಗು ತರಿಸಿತು.

ಪವನ್ ಕಲ್ಯಾಣ್ ಅಭಿನಯಿಸಿದ ರಾಂಬಾಬು ಒಬ್ಬ ಮೆಕ್ಯಾನಿಕ್. ಸುದ್ದಿಯಲ್ಲಿ ಅನ್ಯಾಯ ಕಂಡೊಡನೆ ಹೋಗಿ ತಪ್ಪಿತಸ್ಥರನ್ನು ಥಳಿಸುವವನು. ಅವನ ಆವೇಶವನ್ನು ಮೆಚ್ಚಿ ಗಂಗಾ ಅವನನ್ನು ವಾಹಿನಿಗೆ ಕರೆತರುತ್ತಾಳೆ. ಮಾಜಿ ಮುಖ್ಯಮಂತ್ರಿಯ (ಕೋಟ ಶ್ರೀನಿವಾಸರಾವ್) ಮಗ ರಾಣಾಬಾಬು ದಶರಥರಾಮ್ ಎಂಬ ಪತ್ರಕರ್ತನನ್ನು ಕೊಂದ ಮೇಲೆ ಕಥೆಗೆ ಬಿರುಸು ಬರುತ್ತದೆ. ಅಧಿಕಾರಕ್ಕಾಗಿ ಈ ರಾಣಾಬಾಬು ಹೊರರಾಜ್ಯದವರೆಲ್ಲ ತೊಲಗಬೇಕೆಂಬ ಚಳವಳಿಯನ್ನು ಎಬ್ಬಿಸುತ್ತಾನೆ. ಆ ಪಾತ್ರವನ್ನು ವಹಿಸಿದವರೋ ಬೆಂಗಳೂರಿನಿಂದ ಹೋದ ನಮ್ಮ ಪ್ರಕಾಶ್ ರೈ!

ಪ್ರತ್ಯೇಕ ತೆಲಂಗಾಣ ರಾಜ್ಯದ ಹೋರಾಟ ತೀವ್ರವಾಗಿದ್ದ ದಿನಗಳವು. ಚಿತ್ರದ ಕೆಲವು ದೃಶ್ಯಗಳು ಆ ಹೋರಾಟವನ್ನು ಹೀಯಾಳಿಸುತ್ತವೆಂದು ಆ ಭಾಗದಲ್ಲಿ ಪ್ರತಿಭಟನೆಗಳಾದವು, ಪ್ರದರ್ಶನಗಳು ನಿಂತವು, ಕಡೆಗೆ ದೃಶ್ಯಗಳಿಗೆ ಕತ್ತರಿ ಬಿದ್ದಿತು. ತೆಲಂಗಾಣ 2014ರ ಜೂನ್ 2ರಂದು ರಾಜ್ಯವಾಯಿತು. ಅದೇ ವರ್ಷ ಜನಸೇನಾ ಪಕ್ಷವನ್ನು ಕಟ್ಟಿದ ಪವನ್ ಕಲ್ಯಾಣ್ 2024ರಲ್ಲಿ ಆಂಧ್ರಪ್ರದೇಶದ ಉಪಮುಖ್ಯಮಂತ್ರಿಯಾದರು.

ಚಿತ್ರದ ಸಂಭಾಷಣೆಯಲ್ಲಿ ಚುರುಕಿದೆ, ನಾಯಕನ ನಟನೆಯಲ್ಲಿ ಲವಲವಿಕೆಯಿದೆ. ಆದರೆ ವರದಿಗಾರನಾದ ಬಳಿಕವೂ ರಾಂಬಾಬು ಕಾಗದಪತ್ರಗಳನ್ನು ಹುಡುಕಿದ್ದಕ್ಕಿಂತ, ಸಾಕ್ಷಿಗಳನ್ನು ಮಾತಾಡಿಸಿದ್ದಕ್ಕಿಂತ ಹೊಡೆದದ್ದೇ ಹೆಚ್ಚು. ಆರೋಪ, ವಿಚಾರಣೆ, ಶಿಕ್ಷೆ ಮೂರನ್ನೂ ಒಬ್ಬನೇ ನಿರ್ವಹಿಸುವ ಈ ಬಗೆಯನ್ನು ಕಂಡು ಚಿತ್ರಮಂದಿರದಲ್ಲಿ ಸಿಳ್ಳೆ ಹಾಕುವ ಮಕ್ಕಳಿಗೆ, ಸುದ್ದಿ ಹೇಗೆ ತಯಾರಾಗುತ್ತದೆಂಬುದನ್ನು ತಾಯಿತಂದೆಯರೇ ಮನೆಯಲ್ಲಿ ಹೇಳಬೇಕಾದೀತು.

ನಮ್ಮ ಮನಸ್ಸು ನಿಂತದ್ದು ಆ ಕೊಲೆಯಾದ ಪತ್ರಕರ್ತನ ಹೆಸರಿನ ಮೇಲೆ. ವಿಜಯವಾಡದಲ್ಲಿ 'ಎನ್‌ಕೌಂಟರ್' ಎಂಬ ಪತ್ರಿಕೆಯನ್ನು ನಡೆಸುತ್ತ, ಆಳುವವರನ್ನು ಕಟುವಾಗಿ ಟೀಕಿಸುತ್ತಿದ್ದ ಪಿಂಗಳಿ ದಶರಥರಾಮ್ ಎಂಬ ಸಂಪಾದಕರು 1985ರಲ್ಲಿ ಕೊಲೆಯಾದರು. ಆ ಹೆಸರನ್ನು ಕೇಳಿದ ಹಿರಿಯ ತೆಲುಗರಿಗೆ ಈ ಘಟನೆ ನೆನಪಾಗದೆ ಇರದು. ಚಿತ್ರವಾದರೋ ಆತನ ಸಾವನ್ನು ನಾಯಕನ ಕೋಪಕ್ಕೆ ನೆಪವಾಗಿಸಿಕೊಂಡು ಮುಂದೆ ಸಾಗಿಬಿಡುತ್ತದೆ. ಪತ್ರಿಕೆಯನ್ನು ಅಚ್ಚಿಗೆ ಕಳಿಸಿ, ಬೆದರಿಕೆಗಳ ನಡುವೆ ಮರುದಿನ ಮತ್ತೆ ಬರೆಯಲು ಕುಳಿತುಕೊಳ್ಳುವಂತಹ ಮನುಷ್ಯನ ಕಥೆಯನ್ನೇ ಪೂರ್ತಿಯಾಗಿ ಹೇಳಿದ್ದರೆ, ಹೊಡೆದಾಟ ಒಂದೂ ಇಲ್ಲದಿದ್ದರೂ ನಾವು ಮನೆಮಂದಿಯೆಲ್ಲ ಕೂಡಿ ಅದನ್ನು ನೋಡುತ್ತಿದ್ದೆವು.